ಹೈಸ್ಕೂಲಿನ ಪಾಠಗಳನ್ನು ಮನೆಯ ಕಾಗದಪತ್ರಗಳಿಗೆ ಬಳಸುವುದು ಹೇಗೆ?

ಬಹುತೇಕ ಮನೆಗಳ ಬೀರುವಿನಲ್ಲಿ ನಾಲ್ಕು ಬಗೆಯ ಕಾಗದ ಇದ್ದೇ ಇರುತ್ತವೆ. ಒಂದು ಸಾಲದ ಪತ್ರ, ಒಂದು ಪಹಣಿ ಅಥವಾ ಸೈಟಿನ ಕ್ರಯಪತ್ರ, ಒಂದಿಷ್ಟು ಕರೆಂಟ್ ಬಿಲ್ಲು, ಯಾವುದೋ ಕಚೇರಿಗೆ ಕೊಟ್ಟ ಅರ್ಜಿಯ ನಕಲು. ಈ ನಾಲ್ಕನ್ನೂ ಓದಿ ಅರ್ಥ ಮಾಡಿಕೊಳ್ಳಲು ಬೇಕಾದ ವಿದ್ಯೆ ಎಂಟರಿಂದ ಹತ್ತನೇ ತರಗತಿಯೊಳಗೆ ನಮಗೆ ಸಿಕ್ಕಿದೆ. ಆದರೂ ಸಾಲದ ಪತ್ರದಲ್ಲಿ ಏಜೆಂಟರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತೇವೆ. ಸೈಟಿನ ಅಳತೆ ಬ್ರೋಕರ್ ಹೇಳಿದಷ್ಟೇ ಎಂದು ಒಪ್ಪಿಕೊಳ್ಳುತ್ತೇವೆ. ಒಂದು ಪುಟದ ಅರ್ಜಿ ಬರೆಸಲು ತಾಲ್ಲೂಕು ಕಚೇರಿಯ ಮುಂದಿನ ಟೈಪಿಂಗ್ ಅಂಗಡಿಯ ಎದುರು ಕಾಯುತ್ತೇವೆ.

ಇದಕ್ಕೆ ದಡ್ಡತನ ಕಾರಣವಲ್ಲ. ಶಾಲೆಯಲ್ಲಿ ಪಾಠ ಮೊದಲು ಬರುತ್ತಿತ್ತು, ಲೆಕ್ಕ ಆಮೇಲೆ. ಸಂಸಾರದಲ್ಲಿ ಕಾಗದ ನೇರವಾಗಿ ಕೈಗೆ ಬಂದು ಬೀಳುತ್ತದೆ, ಇದು ಯಾವ ಪಾಠದ ಲೆಕ್ಕ ಎಂದು ಹೇಳಲು ಮೇಷ್ಟ್ರು ಪಕ್ಕದಲ್ಲಿರುವುದಿಲ್ಲ. ಹಾಗಾಗಿ ಹಳೇ ಪಾಠ ವಾಪಸ್ ಬರಬೇಕೆಂದರೆ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂರಬೇಡಿ. ಕಾಗದವನ್ನು ಮುಂದಿಟ್ಟುಕೊಂಡು ಅದಕ್ಕೆ ಹೊಂದುವ ಪಾಠವನ್ನಷ್ಟೇ ತೆರೆಯಿರಿ. ಈ ಲೇಖನದ ಕ್ರಮವೂ ಅದೇ.

ಮೊದಲು ಪುಸ್ತಕ ತಂದುಕೊಳ್ಳಿ

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡ ಮಾಧ್ಯಮದವೂ ಇವೆ. ಫೋನಿನಲ್ಲಿ ಓದುವುದು ಕಷ್ಟವಾದರೆ ಪಕ್ಕದ ಮನೆಯಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ಕೇಳಿ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿವೆ. ಐದೇ ಪುಸ್ತಕ ಸಾಕು: ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಯ ಗಣಿತ, ಹತ್ತನೇ ತರಗತಿಯ ವಿಜ್ಞಾನ ಮತ್ತು ಸಮಾಜ ವಿಜ್ಞಾನ. ಇವುಗಳ ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ ಇರಲಿ. ಓದಿದ್ದನ್ನು ನಿಮ್ಮದೇ ಅಂಕಿಗಳನ್ನು ಹಾಕಿ ಬರೆದು ನೋಡದಿದ್ದರೆ ಅದು ಮತ್ತೆ ಮರೆತುಹೋಗುತ್ತದೆ.

ಸಾಲದ ಪತ್ರಕ್ಕೆ ಬಡ್ಡಿಯ ಪಾಠ

ಇದನ್ನು ಮೊದಲು ಮಾಡಿ. ಕೈಸುಟ್ಟುಕೊಳ್ಳುವವರು ಹೆಚ್ಚು ಇರುವುದು ಇಲ್ಲೇ. ಸರಳಬಡ್ಡಿ, ಚಕ್ರಬಡ್ಡಿ ಎರಡನ್ನೂ ಎಂಟನೇ ತರಗತಿಯೊಳಗೆ ಕಲಿತಿರುತ್ತೇವೆ.

ಕೈಸಾಲದಿಂದ ಶುರು ಮಾಡೋಣ. ಊರಿನಲ್ಲಿ 'ನೂರಕ್ಕೆ ಮೂರು ರೂಪಾಯಿ ಬಡ್ಡಿ' ಎಂದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇ. 36. ಮೂರು ಎಂಬ ಅಂಕಿ ಚಿಕ್ಕದಾಗಿ ಕೇಳಿಸುವುದರಿಂದ ಅದನ್ನು ಬ್ಯಾಂಕಿನ ಒಂಬತ್ತು, ಹನ್ನೊಂದರ ಜೊತೆ ಹೋಲಿಸಿ ಅಗ್ಗ ಎಂದುಕೊಂಡವರಿದ್ದಾರೆ. ಕಟ್ಟದ ಬಡ್ಡಿಯನ್ನು ಪ್ರತಿ ತಿಂಗಳೂ ಅಸಲಿಗೆ ಸೇರಿಸುತ್ತಾ ಹೋದರೆ 50,000 ರೂಪಾಯಿ ಒಂದು ವರ್ಷಕ್ಕೆ ಸುಮಾರು 71,300 ಆಗುತ್ತದೆ, ಎರಡು ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ಚಕ್ರಬಡ್ಡಿಯಲ್ಲಿ ಹಣ ಎಷ್ಟು ಕಾಲಕ್ಕೆ ಇಮ್ಮಡಿಯಾಗುತ್ತದೆ ಎಂದು ಬಾಯಲ್ಲೇ ಅಂದಾಜು ಮಾಡಲು 72ನ್ನು ಬಡ್ಡಿದರದಿಂದ ಭಾಗಿಸಿ. ತಿಂಗಳಿಗೆ 3 ಇದ್ದರೆ 72 ಭಾಗಿಸು 3, ಅಂದರೆ 24 ತಿಂಗಳು. ಠೇವಣಿಗೆ ವರ್ಷಕ್ಕೆ ಶೇ. 6 ಬಂದರೆ 12 ವರ್ಷ. ನೀವು ಇಟ್ಟ ಹಣ ಇಮ್ಮಡಿಯಾಗಲು 12 ವರ್ಷ, ನೀವು ತಂದ ಸಾಲ ಇಮ್ಮಡಿಯಾಗಲು 2 ವರ್ಷ. ಈ ಎರಡು ಅಂಕಿಯನ್ನು ಅಕ್ಕಪಕ್ಕ ಬರೆದು ನೋಡಿದರೆ ಯಾವ ಸಾಲವನ್ನು ಮೊದಲು ತೀರಿಸಬೇಕು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಈಗ ಕಂತಿನ ಸಾಲ. ಬೈಕ್, ಫ್ರಿಜ್, ವೈಯಕ್ತಿಕ ಸಾಲ ಕೊಡುವವರು ಬಡ್ಡಿ ಹೇಳುವಾಗ ಎರಡು ಬಗೆಯಲ್ಲಿ ಹೇಳುತ್ತಾರೆ: ಫ್ಲಾಟ್ ರೇಟ್ ಮತ್ತು ರೆಡ್ಯೂಸಿಂಗ್ ಬ್ಯಾಲೆನ್ಸ್. ಒಂದು ಲಕ್ಷ ರೂಪಾಯಿ, ಎರಡು ವರ್ಷ, ಶೇ. 12 ಎಂದು ಇಟ್ಟುಕೊಳ್ಳಿ.

ಫ್ಲಾಟ್ ಆದರೆ ವರ್ಷಕ್ಕೆ 12,000ದಂತೆ 24,000 ಬಡ್ಡಿ. ಒಟ್ಟು 1,24,000ವನ್ನು 24ರಿಂದ ಭಾಗಿಸಿದರೆ ತಿಂಗಳ ಕಂತು 5,167. ಇಲ್ಲಿರುವ ಅನ್ಯಾಯ ಗಮನಿಸಿ. ಒಂದು ವರ್ಷ ಕಟ್ಟಿದ ಮೇಲೆ ನಿಮ್ಮ ಕೈಯಲ್ಲಿ ಉಳಿದಿರುವ ಸಾಲ ಅರ್ಧ ಮಾತ್ರ, ಆದರೆ ಬಡ್ಡಿಯನ್ನು ಇನ್ನೂ ಪೂರ್ತಿ ಒಂದು ಲಕ್ಷಕ್ಕೇ ಹಾಕುತ್ತಿದ್ದಾರೆ.

ರೆಡ್ಯೂಸಿಂಗ್ ಆದರೆ ಉಳಿದ ಬಾಕಿಗೆ ಮಾತ್ರ ಬಡ್ಡಿ, ಕಂತು 4,707. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಬಾಕಿ, ಬಡ್ಡಿ, ಅಸಲಿಗೆ ಜಮಾ. ಮೊದಲ ತಿಂಗಳು 1,00,000, ಬಡ್ಡಿ 1,000, ಜಮಾ 3,707. ಎರಡನೇ ತಿಂಗಳು 96,293, ಬಡ್ಡಿ 963, ಜಮಾ 3,744. ಮೂರನೇ ತಿಂಗಳು 92,549, ಬಡ್ಡಿ 925, ಜಮಾ 3,782. ಹೀಗೆ 24 ಸಾಲು ಬರೆದರೆ ಒಟ್ಟು ಬಡ್ಡಿ ಸುಮಾರು 13,000. ಎರಡರ ಮೇಲೂ ಬರೆದದ್ದು ಶೇ. 12, ವ್ಯತ್ಯಾಸ ಮಾತ್ರ 11,000 ರೂಪಾಯಿ. ಫ್ಲಾಟ್ 12 ಎಂದು ಹೇಳಿದ ಸಾಲದ ನಿಜವಾದ ದರ ಸುಮಾರು 21.5 ಎಂದು ತಿಳಿಯಿರಿ.

ಸಹಿ ಹಾಕುವ ಮೊದಲು ಕೇಳಬೇಕಾದದ್ದು ಇಷ್ಟು. ಬಡ್ಡಿ ಯಾವ ಬಗೆಯದು? ಪ್ರೊಸೆಸಿಂಗ್ ಶುಲ್ಕ, ವಿಮೆ ಎಂದು ಹಿಡಿದುಕೊಂಡ ಮೇಲೆ ಕೈಗೆ ಬರುವ ಮೊತ್ತ ಎಷ್ಟು? ಮುಂಚೆಯೇ ತೀರಿಸಿದರೆ ದಂಡ ಇದೆಯೇ? ಬಾಯಿಮಾತಿನ ಉತ್ತರಕ್ಕೆ ಸುಮ್ಮನಾಗಬೇಡಿ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ವ್ಯಕ್ತಿಗಳಿಗೆ ಕೊಡುವ ಹೊಸ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಪತ್ರ ಕೊಡಲೇಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎ.ಪಿ.ಆರ್. ಎಂಬ ಒಂದು ಸಾಲು ಇರುತ್ತದೆ, ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದು. ಎರಡು ಕಡೆಯ ಸಾಲವನ್ನು ಹೋಲಿಸುವಾಗ ಆ ಸಾಲನ್ನೇ ಹೋಲಿಸಿ.

ಪಹಣಿ ಮತ್ತು ಸೈಟಿಗೆ ರೇಖಾಗಣಿತ

ಪಹಣಿಯಲ್ಲಿ ವಿಸ್ತೀರ್ಣ 1.20 ಎಂದಿದ್ದರೆ ಅದು ಒಂದೂಕಾಲು ಎಕರೆಯ ಹತ್ತಿರದ ಲೆಕ್ಕವಲ್ಲ. ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಸರಿಯಾಗಿ ಒಂದೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಚುಕ್ಕೆ ಕಂಡ ಕೂಡಲೇ ದಶಮಾಂಶ ಎಂದುಕೊಂಡು ಕ್ಯಾಲ್ಕುಲೇಟರ್ ಒತ್ತಿದರೆ ಲೆಕ್ಕ ತಪ್ಪುತ್ತದೆ. 1.25ಕ್ಕೆ 1.20 ಕೂಡಿಸಿದರೆ 2.45 ಆಗುವುದಿಲ್ಲ, 3 ಎಕರೆ 5 ಗುಂಟೆ ಆಗುತ್ತದೆ. ಅಣ್ಣತಮ್ಮಂದಿರ ಪಾಲು ಮಾಡುವಾಗ ಈ ಕೂಡುವಿಕೆಯನ್ನು ಕನಿಷ್ಠ ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಬೇಕು. ಖರಾಬು, ಅಂದರೆ ಸಾಗುವಳಿಗೆ ಬಾರದ್ದು ಎಂದು ತೋರಿಸಿದ ಭಾಗವನ್ನು ಕಳೆಯುವುದನ್ನೂ ಮರೆಯಬಾರದು. ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ, 1,089 ಚದರಡಿ. ಮೂವತ್ತು ನಲವತ್ತರ ಸೈಟು ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು.

ಎಲ್ಲ ಸೈಟೂ ಚೊಕ್ಕ ಚೌಕವಾಗಿ ಸಿಗುವುದಿಲ್ಲ. ನಾಲ್ಕು ಬದಿಯೂ ಬೇರೆ ಬೇರೆ ಇರುವ ಸೈಟನ್ನು ಮಾರುವವರು ಎದುರುಬದಿರಿನ ಬದಿಗಳ ಸರಾಸರಿ ತೆಗೆದು ಗುಣಿಸುತ್ತಾರೆ. ಬದಿಗಳು 30, 40, 36, 44 ಅಡಿ ಎಂದುಕೊಳ್ಳಿ. 30 ಮತ್ತು 36ರ ಸರಾಸರಿ 33, 40 ಮತ್ತು 44ರ ಸರಾಸರಿ 42, ಗುಣಿಸಿದರೆ 1,386 ಚದರಡಿ. ಈ ವಿಧಾನದಲ್ಲಿ ಉತ್ತರ ಯಾವತ್ತೂ ನಿಜವಾದ ವಿಸ್ತೀರ್ಣಕ್ಕಿಂತ ಕಡಿಮೆ ಬರುವುದಿಲ್ಲ. ಪೂರ್ತಿ ಆಯತವಾದರೆ ಸಮ ಬರುತ್ತದೆ, ಮಿಕ್ಕ ಎಲ್ಲ ಸಲವೂ ಹೆಚ್ಚೇ ಬರುತ್ತದೆ. ಕೊಳ್ಳುವವರಿಗೆ ನಷ್ಟ.

ಒಂಬತ್ತನೇ ತರಗತಿಯ ಹೆರಾನನ ಸೂತ್ರವನ್ನು ಇಲ್ಲಿ ಹೊರತೆಗೆಯಿರಿ. ಟೇಪು ಹಿಡಿದು ನಾಲ್ಕು ಬದಿಯ ಜೊತೆಗೆ ಒಂದು ಕರ್ಣವನ್ನೂ ಅಳೆಯಿರಿ. ಸೈಟು ಎರಡು ತ್ರಿಭುಜವಾಯಿತು. ಪ್ರತಿ ತ್ರಿಭುಜದ ಮೂರು ಬದಿ ಕೂಡಿಸಿ ಅರ್ಧ ಮಾಡಿ. ಆ ಅರ್ಧದಿಂದ ಒಂದೊಂದು ಬದಿಯನ್ನು ಕಳೆಯಿರಿ. ಅರ್ಧವನ್ನೂ ಆ ಮೂರು ಉತ್ತರಗಳನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ಮೇಲಿನ ಸೈಟಿನಲ್ಲಿ 30 ಮತ್ತು 40ರ ಬದಿಗಳ ಎದುರಿನ ಕರ್ಣ 50 ಅಡಿ ಬಂದರೆ ಒಂದು ತ್ರಿಭುಜ 600, ಇನ್ನೊಂದು ಸುಮಾರು 770, ಒಟ್ಟು 1,370 ಚದರಡಿ. ಅದೇ ನಾಲ್ಕು ಬದಿ, ಆದರೆ ಕರ್ಣ 46 ಅಡಿ ಬಂದರೆ ವಿಸ್ತೀರ್ಣ ಸುಮಾರು 1,333ಕ್ಕೆ ಇಳಿಯುತ್ತದೆ. ಬದಿಗಳಲ್ಲಿ ಒಂದಂಗುಲವೂ ಬದಲಾಗದೆ 37 ಚದರಡಿ ಹೋಯಿತು. ಚದರಡಿಗೆ 4,000 ರೂಪಾಯಿ ಇದ್ದರೆ ಮಾರುವವರ 1,386ಕ್ಕೂ ನಿಜವಾದ 1,333ಕ್ಕೂ ನಡುವೆ ಎರಡು ಲಕ್ಷಕ್ಕೂ ಹೆಚ್ಚು ಅಂತರವಿದೆ. ಕರ್ಣ ಅಳೆಯದೆ ಅಡ್ಡಾದಿಡ್ಡಿ ಸೈಟಿಗೆ ಮುಂಗಡ ಕೊಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪೈಥಾಗೊರಸನ ಪ್ರಮೇಯದ ಕೆಲಸ ಪಾಯ ತೆಗೆಯುವ ದಿನ. ಗಾರೆ ಮೇಸ್ತ್ರಿಗಳು ಗೂಟ ಹೊಡೆದು ದಾರ ಕಟ್ಟುವಾಗ ಮೂಲೆಯಿಂದ ಒಂದು ದಾರದ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಗುರುತು ಮಾಡಿ, ಎರಡು ಗುರುತಿನ ನಡುವೆ ಐದಡಿ ಬರುವವರೆಗೆ ದಾರ ಸರಿಸುತ್ತಾರೆ. ಐದಡಿ ಬಂದರೆ ಮೂಲೆ ಮಟ್ಟ, ಅಂದರೆ ಸರಿಯಾಗಿ 90 ಡಿಗ್ರಿ. ಆರು, ಎಂಟು, ಹತ್ತು ಅಡಿಯಲ್ಲಿ ಮಾಡಿಸಿದರೆ ಇನ್ನೂ ಕರಾರುವಾಕ್ಕು. ಆಮೇಲೆ ಇಡೀ ಕಟ್ಟಡದ ಎರಡೂ ಕರ್ಣಗಳನ್ನು ನೀವೇ ಟೇಪು ಹಿಡಿದು ನೋಡಿ. ಗೋಡೆಯ ಹೊರ ಅಳತೆ 24 ಮತ್ತು 32 ಅಡಿ ಇದ್ದರೆ ಕರ್ಣ 40 ಅಡಿ ಬರಬೇಕು, ಎರಡೂ ಕಡೆ ಸಮ ಬರಬೇಕು. ಒಂದು 41, ಇನ್ನೊಂದು 39 ಬಂದರೆ ಮನೆ ಸೊಟ್ಟ. ಅವತ್ತು ದಾರ ಸರಿಸುವುದು ಹತ್ತು ನಿಮಿಷದ ಕೆಲಸ. ಬಿಟ್ಟರೆ ಮುಂದೆ ಟೈಲ್ಸ್ ಹಾಕುವಾಗ ಗೋಡೆಯುದ್ದಕ್ಕೂ ಸೀಳು ತುಂಡು ಕೂರಿಸಬೇಕಾಗುತ್ತದೆ, ವಾರ್ಡ್‌ರೋಬ್ ಗೋಡೆಗೆ ಕೂರುವುದಿಲ್ಲ. ಮೇಸ್ತ್ರಿಯವರಿಗೆ ಬೇಸರವಾದೀತು ಎಂದು ಹಿಂಜರಿಯಬೇಡಿ, ಕೆಲಸ ಬಲ್ಲವರು ತಾವೇ ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳುತ್ತಾರೆ.

ಭೂಗೋಳದ ನಕ್ಷೆ ಓದುವ ಪಾಠವೂ ಇಲ್ಲೇ ನೆರವಿಗೆ ಬರುತ್ತದೆ. ರಾಜ್ಯದ ಭೂಮಾಪನ ಇಲಾಖೆಯ 'ದಿಶಾಂಕ್' ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಅದು ಯಾವ ಸರ್ವೆ ನಂಬರಿನಲ್ಲಿದೆ ಎಂದು ತೋರಿಸುತ್ತದೆ. ಪಕ್ಕದಲ್ಲಿ ಕೆರೆ, ರಾಜಕಾಲುವೆ ಇದೆಯೇ ನೋಡಿ. ಕ್ರಯಪತ್ರದ ಚೆಕ್ಕುಬಂದಿಯ, ಅಂದರೆ ಗಡಿವಿವರದ ನಾಲ್ಕು ದಿಕ್ಕುಗಳನ್ನು ಆ ನಕ್ಷೆಯ ಜೊತೆ ತಾಳೆ ಹಾಕಿ. ಆ್ಯಪಿನಲ್ಲಿ ಕಂಡದ್ದು ಅಂದಾಜಿಗಷ್ಟೇ. ಅನುಮಾನ ಬಂದರೆ ಸರ್ವೆಗೆ ಅರ್ಜಿ ಹಾಕಿ ಅಳೆಸಿ.

ಕರೆಂಟ್ ಬಿಲ್ಲಿಗೆ ವಿಜ್ಞಾನ

ಹತ್ತನೇ ತರಗತಿಯ ವಿದ್ಯುತ್ತಿನ ಪಾಠದಿಂದ ಎರಡು ಲೆಕ್ಕ ಸಾಕು.

ಒಂದು, ಯುನಿಟ್. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯುನಿಟ್. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆಗೇ ಒಂದು ಯುನಿಟ್ ಮುಗಿಸುತ್ತದೆ. ದಿನಕ್ಕೆ ಒಂದು ಗಂಟೆ ಹಾಕಿದರೆ ತಿಂಗಳಿಗೆ 60. ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯುನಿಟ್ ಆಗುವುದಿಲ್ಲ. ಮಕ್ಕಳು ಲೈಟ್ ಆರಿಸಲಿಲ್ಲ ಎಂದು ಬೈಯುವ ಮನೆಯಲ್ಲಿ ಗೀಸರಿನ ಕಡೆ ಯಾರೂ ನೋಡಿರುವುದಿಲ್ಲ. ಗೃಹಜ್ಯೋತಿ ಇರುವ ಮನೆಗಳಿಗಂತೂ ಈ ಲೆಕ್ಕ ಗೊತ್ತಿರಲೇಬೇಕು. ತಿಂಗಳ ಬಳಕೆ 200 ಯುನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಹತ್ತು ದಿನಕ್ಕೊಮ್ಮೆ ಮೀಟರಿನ ರೀಡಿಂಗ್ ಬರೆದಿಟ್ಟರೆ ಇಪ್ಪತ್ತನೇ ದಿನಕ್ಕೇ ಎಚ್ಚರವಾಗುತ್ತದೆ.

ಎರಡು, ಆಂಪಿಯರ್. ವ್ಯಾಟನ್ನು 230ರಿಂದ ಭಾಗಿಸಿ. ಗೀಸರಿಗೆ 8.7 ಆಂಪಿಯರ್, 1,500 ವ್ಯಾಟಿನ ಕೆಟಲಿಗೆ 6.5. ಸಾಮಾನ್ಯ ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್, ದೊಡ್ಡದು 16. ಕೆಟಲನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಅದರಲ್ಲೇ ಮಿಕ್ಸಿಯನ್ನೂ ಹಾಕಿದಾಗ ವೈರು ಬೆಚ್ಚಗಾಗುವುದು ಈ ಕಾರಣಕ್ಕೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದವಾದ ದಪ್ಪ ಪಿನ್ನು ಅರ್ಥಿಂಗ್‌ನದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತೂರಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಇವತ್ತೇ ನಿಲ್ಲಿಸಿ. ಗೀಸರ್, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷೀನ್ ಇವುಗಳ ಲೋಹದ ಮೈಗೆ ಕರೆಂಟ್ ಹರಿದಾಗ ಜೀವ ಕಾಯುವುದು ಆ ಪಿನ್ನು.

ಅರ್ಜಿಗೆ ಕನ್ನಡ ಪತ್ರಲೇಖನ

ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಬರುತ್ತಿದ್ದ 'ಪತ್ರ ಬರೆಯಿರಿ' ನೆನಪಿದೆಯೇ? ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ. ಕಚೇರಿಗಳು ಇವತ್ತಿಗೂ ನಡೆಯುವುದು ಅದೇ ಚೌಕಟ್ಟಿನಲ್ಲಿ. ಹೈಸ್ಕೂಲಿನ ಪಾಠಗಳಲ್ಲಿ ನಮ್ಮನ್ನು ಪ್ರಜೆಯಾಗಿ ಗಟ್ಟಿ ಮಾಡುವುದು ಇದೊಂದು ಎಂದು ನನ್ನ ನಂಬಿಕೆ.

ವಿಷಯದ ಸಾಲಿಗೆ ಹೆಚ್ಚು ಸಮಯ ಕೊಡಿ. 'ಬೀದಿದೀಪದ ತೊಂದರೆ ಕುರಿತು' ಎಂದರೆ ಯಾರ ಮೇಜಿಗೂ ಸೇರದೆ ಉಳಿಯುತ್ತದೆ. 'ಗ್ರಾಮದ ಎರಡನೇ ಅಡ್ಡರಸ್ತೆಯಲ್ಲಿ ಹಾಲಿನ ಡೇರಿ ಮುಂದಿನ ಬೀದಿದೀಪ ಮೂರು ತಿಂಗಳಿಂದ ಉರಿಯದಿರುವುದನ್ನು ಸರಿಪಡಿಸುವ ಬಗ್ಗೆ' ಎಂದು ಬರೆಯಿರಿ. ಏನು, ಎಲ್ಲಿ, ಎಂದಿನಿಂದ, ಏನಾಗಬೇಕು, ಎಲ್ಲವೂ ಒಂದೇ ಸಾಲಿನಲ್ಲಿ ಬಂತು. ಒಕ್ಕಣೆ ಮೂರು ಪ್ಯಾರಾ ದಾಟದಿರಲಿ: ಆದದ್ದೇನು, ಇದಕ್ಕೂ ಮೊದಲು ಯಾರಿಗೆ ಯಾವ ದಿನ ತಿಳಿಸಿದ್ದಿರಿ, ಈಗ ಏನು ಕೋರುತ್ತೀರಿ. ಹಿಂದೆ ಅರ್ಜಿ ಕೊಟ್ಟಿದ್ದರೆ ಅದರ ದಿನಾಂಕ, ಸಂಖ್ಯೆಯನ್ನು ಉಲ್ಲೇಖದಲ್ಲಿ ಹಾಕಿ. ಬೈಗುಳ, ಗೋಳು ಬೇಡ. ಕೊನೆಯಲ್ಲಿ ಲಗತ್ತುಗಳ ಪಟ್ಟಿ, ಸಹಿ, ದಿನಾಂಕ, ಫೋನ್ ನಂಬರ್.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸ್ವೀಕೃತಿ ಇಲ್ಲದ ಅರ್ಜಿಯನ್ನು ಕೊಟ್ಟೇ ಇಲ್ಲ ಎನ್ನಬಹುದು. ಕೆಲಸ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ 'ಹಿಂಬರಹ ಕೊಡಿ ಸರ್' ಎಂದು ಕೇಳಿ. ಕಾರಣ ಬರವಣಿಗೆಯಲ್ಲಿ ಬಂದರೆ ಮುಂದೆ ಮೇಲ್ಮನವಿಗೆ ಅದೇ ಆಧಾರ. ನಿಗದಿತ ದಿನದೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ 'ಸಕಾಲ' ಯೋಜನೆಯ ಪಟ್ಟಿಯಲ್ಲಿರುವ ಸೇವೆಯಾದರೆ ಅರ್ಜಿಯ ಸಕಾಲ ಸಂಖ್ಯೆ ಕೇಳಿ ಪಡೆಯಿರಿ.

ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹತ್ತನೇ ತರಗತಿಯ ಸಾರಾಂಶ ಲೇಖನದ ಅಭ್ಯಾಸ ಇಲ್ಲಿ ಬೇಕು. 'ಯಾಕೆ ದೀಪ ಹಾಕಿಲ್ಲ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸಬಹುದು. 'ಇಂಥ ದಿನ ನಾನು ಕೊಟ್ಟ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ' ಎಂದು ದಾಖಲೆ ಕೇಳಿ.

ಉಳಿದವು

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನದ ಪಾಠಗಳನ್ನು ಯಾರೂ ಲಕ್ಷ್ಯ ಕೊಟ್ಟು ಓದಿರುವುದಿಲ್ಲ. ಗ್ರಾಹಕರ ರಕ್ಷಣೆಯ ಪಾಠ ಅಲ್ಲಿದೆ. 2019ರ ಕಾಯ್ದೆಯ ಪ್ರಕಾರ ಕೊಂಡ ಅಂಗಡಿ ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನೀವು ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು, ಎರಡು ವರ್ಷದೊಳಗೆ ಹೋಗಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಬಿಲ್ ಇಲ್ಲದೆ ಯಾವುದೂ ನಡೆಯದು, ಆದ್ದರಿಂದ ಕೊಂಡ ದಿನವೇ ಬಿಲ್ಲಿನ ಫೋಟೊ ತೆಗೆದಿಡಿ. ಶಾಯಿ ಮಾಸಿಹೋಗುವ ಕಾಗದ ಅದು.

ರಸಾಯನಶಾಸ್ತ್ರದಿಂದ ಒಂದು ಎಚ್ಚರಿಕೆ. ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಹೊರಬರುವುದು ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶ ಸುಡುತ್ತದೆ. ಆಮ್ಲದ ಅದೇ ಪಾಠ ಉಪಕಾರಕ್ಕೂ ಬರುತ್ತದೆ. ಬೋರ್‌ವೆಲ್ ನೀರಿನಿಂದ ಕೆಟಲಿನ ತಳದಲ್ಲಿ ಕಟ್ಟುವ ಬಿಳಿ ಪದರಕ್ಕೆ ನಿಂಬೆರಸ ಅಥವಾ ವಿನೆಗರ್ ಹಾಕಿ ಬಿಟ್ಟರೆ ನೊರೆ ಬಂದು ಕರಗುತ್ತದೆ. ಜೀವಶಾಸ್ತ್ರದಿಂದ ಒಂದು ಅಳತೆ: ವಾಂತಿಭೇದಿಯಾದಾಗ ಅಂಗಡಿಯ ಓಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆಯಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಹೀರಿಕೊಳ್ಳುತ್ತದೆ. ಉಪ್ಪು ಹೆಚ್ಚಾದರೆ ಅಪಾಯ, ಹಾಗಾಗಿ ಕೈಯಂದಾಜು ಬೇಡ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೊರಡಿ.

ಕಾಲೇಜು ಸೇರುವ ಮಕ್ಕಳಿರುವ ಮನೆಗೆ ಸಂಖ್ಯಾಶಾಸ್ತ್ರದ ಒಂದು ಪುಟ. ಜಾಹೀರಾತಿನಲ್ಲಿ 'ಸರಾಸರಿ ಪ್ಯಾಕೇಜ್ 6.7 ಲಕ್ಷ' ಎಂದಿರುತ್ತದೆ. ಹತ್ತು ಮಂದಿಯಲ್ಲಿ ಒಂಬತ್ತು ಜನರಿಗೆ 3 ಲಕ್ಷ, ಒಬ್ಬರಿಗೆ 40 ಲಕ್ಷ ಸಿಕ್ಕರೂ ಸರಾಸರಿ ಅಷ್ಟೇ ಬರುತ್ತದೆ. ಮಧ್ಯಾಂಕ ತೆಗೆದರೆ 3 ಲಕ್ಷ. ಪ್ರವೇಶ ಶುಲ್ಕ ಕಟ್ಟುವ ಮೊದಲು ಕಾಲೇಜಿನವರನ್ನು ಮೂರು ಅಂಕಿ ಕೇಳಿ: ಕೊನೆಯ ವರ್ಷದಲ್ಲಿ ಒಟ್ಟು ಎಷ್ಟು ವಿದ್ಯಾರ್ಥಿಗಳಿದ್ದರು, ಅದರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸಂಬಳವನ್ನು ಸಾಲಾಗಿ ಜೋಡಿಸಿದರೆ ನಡುವಿನವರಿಗೆ ಬಂದದ್ದು ಎಷ್ಟು. ನಿಮ್ಮ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ಈ ಪ್ರಶ್ನೆಗಳನ್ನು ಅವರಿಂದಲೇ ಕೇಳಿಸಿ. ಆ ಪಾಠವನ್ನು ಅವರು ಮೊನ್ನೆಯಷ್ಟೇ ಪರೀಕ್ಷೆಗೆ ಓದಿದ್ದಾರೆ.